ಕಾಗೆ ಮುಟ್ಟಿದ ಮಾತು

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಆಡುಮಾತಿನ ಲೇಖನವನ್ನು ಓದಿ, ಪೋಲಿ ಮಾತು, ಗುಪ್ತ ಮಾತುಗಳೆಲ್ಲ ಸಂತೆ, ಗರಡಿ, ಸೆರೆಮನೆಗಳಲ್ಲಿ ಗಂಡಸರು ಹುಟ್ಟಿಸಿದವೆಂದೂ ಹೆಂಗಸರು ನುಡಿಯನ್ನು ಮಡಿಯಲ್ಲಿಟ್ಟು ಕಾಪಾಡಿದರೆಂದೂ ತಾವು ಬರೆದಿದ್ದೀರಿ. ಮೊದಲ ಮಾತನ್ನು ಅರ್ಧ ಒಪ್ಪಬಹುದು, ಎರಡನೆಯದನ್ನು ಒಪ್ಪಲಾರೆ.

ಇಂಥ ಪದಗಳನ್ನು ಕೂಡಿಸಿದವರು ಎಲ್ಲಿ ಅಲೆದರು ಎಂಬುದನ್ನು ನೋಡಬೇಕು. 1785ರಲ್ಲಿ ಇಂಗ್ಲಿಷಿನ ಪೋಲಿ ಮಾತುಗಳ ನಿಘಂಟನ್ನು ಹೊರತಂದ ಫ್ರಾನ್ಸಿಸ್ ಗ್ರೋಸ್ ರಾತ್ರಿ ಹೊತ್ತು ಲಂಡನ್ನಿನ ಕೊಳೆಗೇರಿಗಳನ್ನು ಸುತ್ತಿದವನು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಬರೆದುಕೊಂಡವರು ಕಡಿಮೆ.

ನಮ್ಮ ಮನೆಗಳನ್ನೇ ನೋಡಿ. ಅಮ್ಮ ಯಾಕೆ ಮೂಲೆಯಲ್ಲಿ ಬೇರೆ ಚಾಪೆ ಹಾಸಿಕೊಂಡು ಕೂತಿದ್ದಾಳೆಂದು ಮಗು ಕೇಳಿದರೆ ಅಜ್ಜಿ ‘ಕಾಗೆ ಮುಟ್ಟಿದೆ’ ಎನ್ನುತ್ತಿದ್ದಳು. ಮಗು ಕಾಗೆಗಾಗಿ ಸೂರಿನತ್ತ ನೋಡುತ್ತಿತ್ತು, ಅಮ್ಮ ಮುಟ್ಟಾಗಿದ್ದಾಳೆಂಬ ವಿಷಯ ಹೆಂಗಸರಿಗೆಲ್ಲ ತಿಳಿಯುತ್ತಿತ್ತು. ಒಳಗಿನವರಿಗೆ ತಿಳಿದು ಹೊರಗಿನವರಿಗೆ ತಿಳಿಯದಿರುವುದೇ ಗುಪ್ತ ಮಾತಿನ ಲಕ್ಷಣವಾದರೆ, ಜೇಬುಗಳ್ಳರ ಸಂಕೇತಕ್ಕೂ ಇದಕ್ಕೂ ಕುಲದಲ್ಲಿ ಭೇದವಿಲ್ಲ. ಗಂಡನ ಹೆಸರೆತ್ತಬಾರದೆಂಬ ಕಟ್ಟಳೆಯೇ ‘ನಮ್ಮನೆಯವರು’ ಎಂಬ ಮಾತನ್ನು ಬಳಕೆಗೆ ತಂದಿತು. ಉತ್ತರ ಕರ್ನಾಟಕದ ಮದುವೆಗಳಲ್ಲಿ ಆ ಹೆಸರನ್ನು ಪ್ರಾಸದ ನಡುವೆ ಅಡಗಿಸಿ ಹೇಳುವ ಒಡಪೂ ಅದೇ ಕಟ್ಟಳೆಯ ಕೂಸು. ಬಳೆ ಒಡೆಯಿತು ಎನ್ನಲಾಗದೆ ‘ಹೆಚ್ಚಿತು’ ಎಂದವರೂ, ದೀಪ ಆರಿಸು ಎನ್ನಲಾಗದೆ ‘ದೊಡ್ಡದು ಮಾಡು’ ಎಂದವರೂ ಪದದ ಅರ್ಥವನ್ನೇ ತಿರುಗಿಸಿ ಹಾಕಿದರು. ಇದಕ್ಕೆ ಕಡಿಮೆ ಜಾಣತನ ಸಾಲದು.

ಬೈಗುಳದ ಕತೆ ಬೇರೆ. ‘ಮುಂಡೇದೇ’, ‘ಬೋಳಿಮಗನೇ’ ಎಂಬಿವು ತಲೆ ಬೋಳಿಸಿಕೊಂಡ ವಿಧವೆಯ ಸಂಕಟದ ಮೇಲೆ ನಿಂತ ಮಾತುಗಳು. ಇಲ್ಲಿ ಹೆಣ್ಣು ಪದ ಕಟ್ಟಿದವಳಲ್ಲ, ಪದಕ್ಕೆ ಸರಕಾದವಳು. ಆದರೂ ನಲ್ಲಿಕಟ್ಟೆಯ ಜಗಳದಲ್ಲಿ ಅವನ್ನು ಎತ್ತಿ ಎಸೆದವರಲ್ಲಿ ಹೆಂಗಸರೂ ಇದ್ದರು. ಹಾಗೆ ದನಿ ಏರಿಸಿದವಳಿಗೆ ‘ಬಜಾರಿ’ ಎಂಬ ಹೆಸರು ಬಿತ್ತು. ಬಜಾರಿನಲ್ಲಿ ದಿನವಿಡೀ ಅರಚುವ ಗಂಡಸಿಗೆ ಈ ಪದ ಅಂಟಲಿಲ್ಲ ಎಂಬುದನ್ನು ತಾವು ಗಮನಿಸಬೇಕು.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಹಿಂದೊಮ್ಮೆ ಲೇಖಕಿಯೊಬ್ಬರ ಕತೆಯಿಂದ ಇಂಥದೇ ಒಂದು ಬೈಗುಳವನ್ನು ನಾನು ಕರಡಿನಲ್ಲಿ ಹೊಡೆದುಹಾಕಿದ್ದೆ. ಅದೇ ತಿಂಗಳು ಲೇಖಕರೊಬ್ಬರ ಕತೆಯಲ್ಲಿ ಅದನ್ನು ‘ಮಣ್ಣಿನ ಸೊಗಡು’ ಎಂದು ಉಳಿಸಿಕೊಂಡಿದ್ದೆ.

ತಮ್ಮ ಮನೆಯ ಹಿರಿಯ ಹೆಂಗಸರು ಮಕ್ಕಳೆದುರು ಬಳಸುತ್ತಿದ್ದ ಮರೆಮಾತುಗಳು ನೆನಪಿದ್ದರೆ, ಊರಿನ ಹೆಸರಿನೊಂದಿಗೆ ಬರೆದು ಕಳುಹಿಸಿ. ಹೊಡೆದುಹಾಕದೆ ಅಚ್ಚು ಮಾಡುತ್ತೇವೆ.

— ಸಂಪಾದಕ