ಶಿಕ್ಷೆ ಕೇಳಿದ ಹವಾಲ್ದಾರರು

ಮದ್ಯವ್ಯಸನದ ಚಿಕಿತ್ಸೆಗೆಂದು ನನ್ನ ಬಳಿ ಬರುವ ಮಾಜಿ ಸೈನಿಕರಲ್ಲಿ ಅನೇಕರು ಮೊದಲ ಭೇಟಿಯಲ್ಲೇ ಹೇಳುವ ಮಾತೊಂದಿದೆ: "ನೀವು ಹೇಳ್ರಿ, ನಾ ಬಿಡ್ತೀನಿ." ಜೊತೆಗೆ ಬಂದ ಹೆಂಡತಿ ಮಕ್ಕಳೂ ಅದಕ್ಕೆ ದನಿಗೂಡಿಸುತ್ತಾರೆ. ಮಿಲಿಟರಿಯಲ್ಲಿದ್ದವರು, ಶಿಸ್ತಿನ ಮನುಷ್ಯರು, ದೊಡ್ಡವರೊಬ್ಬರು ಗಟ್ಟಿಯಾಗಿ ಹೇಳಿದರೆ ಕೇಳುತ್ತಾರೆ ಎಂಬುದು ಅವರ ನಂಬಿಕೆ. ಅದೇ ನಂಬಿಕೆಯಿಂದ ನಾನೂ ಒಮ್ಮೆ ನಡೆದುಕೊಂಡು, ಒಬ್ಬರ ಜೀವವನ್ನು ಅಪಾಯದ ಅಂಚಿಗೆ ತಂದಿದ್ದೆ. ಆ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಅವರು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯವರು. ಪದಾತಿ ದಳದಲ್ಲಿ 24 ವರ್ಷ ಸೇವೆ ಸಲ್ಲಿಸಿ, ಹವಾಲ್ದಾರರಾಗಿ ನಿವೃತ್ತರಾದಾಗ ಅವರಿಗಿನ್ನೂ 43. ಎರಡು ಎಕರೆ ಹೊಲ, ಪಿಂಚಣಿ, ಕಾರ್ಖಾನೆಯೊಂದರಲ್ಲಿ ಭದ್ರತಾ ಸಿಬ್ಬಂದಿಯ ಕೆಲಸ, ಪುಣೆಯಲ್ಲಿ ದುಡಿಯುವ ಮಗ. ಸೇವೆಯಲ್ಲಿದ್ದಾಗ ರಾತ್ರಿಯ ಎರಡು ಪೆಗ್ಗಿಗೆ ಸೀಮಿತವಾಗಿದ್ದ ರಮ್, ಊರಿಗೆ ಬಂದ ಆರು ವರ್ಷಗಳಲ್ಲಿ ದಿನಕ್ಕೆ ಮುಕ್ಕಾಲು ಬಾಟಲಿಗೆ ಏರಿತ್ತು. ಸೇನಾ ಕ್ಯಾಂಟೀನಿನ ಮದ್ಯದ ಕೋಟಾ ತಿಂಗಳ ಮೊದಲ ವಾರದಲ್ಲೇ ಮುಗಿದು, ಉಳಿದ ದಿನಗಳಿಗೆ ಊರಿನ ಅಂಗಡಿಯೇ ಗತಿಯಾಗಿತ್ತು.

ಮೊದಲ ಬಾರಿ ಎರಡು ವಾರ ಒಳರೋಗಿಯಾಗಿದ್ದು, ಚೆನ್ನಾಗಿ ಚೇತರಿಸಿಕೊಂಡರು. ಬಿಡುಗಡೆಯ ದಿನ ಬಾಗಿಲ ಬಳಿ ನಿಂತು, "ಸಾಬ್, ಆರ್ಡರ್ ಏನ್ರಿ?" ಎಂದು ಕೇಳಿದರು. ನಾನು ನಕ್ಕು, ಸ್ವಲ್ಪ ಸಂತೋಷದಿಂದಲೇ, "ಇವತ್ತಿನಿಂದ ಒಂದು ತೊಟ್ಟೂ ಇಲ್ಲ, ಇದು ಆರ್ಡರ್" ಎಂದೆ. ಅವರು "ಜೀ ಸಾಬ್" ಎಂದು ಹೊರಟರು. ಆ ಸಂತೋಷದ ಬಗ್ಗೆ ಈಗ ನನಗೆ ನಾಚಿಕೆಯಿದೆ. ಐದು ತಿಂಗಳು ಅವರು ಆರ್ಡರನ್ನು ಅಕ್ಷರಶಃ ಪಾಲಿಸಿದರು. ಪ್ರತಿ ತಿಂಗಳೂ ನಿಗದಿಯಾದ ದಿನ, ನಿಗದಿಯಾದ ಗಂಟೆಗೆ ಬಂದು, "ಎಲ್ಲಾ ಠೀಕ್ ಐತ್ರಿ" ಎಂದು ಹೇಳಿ ಹೋದರು. ಆಮೇಲೆ ಬರುವುದು ನಿಂತಿತು. ನಾನು ಎರಡು ಸಲ ಫೋನ್ ಮಾಡಿದೆ, ಹೊಲದ ಕೆಲಸವಿದೆ ಎಂದರು. ನಂಬಿದೆ.

ಏಳು ವಾರಗಳ ನಂತರ ಅವರ ಪತ್ನಿ ಮತ್ತು ಮೈದುನ ಸೇರಿ ಅವರನ್ನು ಜೀಪಿನಲ್ಲಿ ಕರೆತಂದರು. ಹಳೆಯ ಪಲ್ಟನ್ನಿನ ಗೆಳೆಯರು ಸೇರಿದ್ದ ಒಂದು ಕೂಟದಲ್ಲಿ ಎರಡು ಪೆಗ್ ಕುಡಿದದ್ದು ಮೊದಲಾಗಿ, ಎರಡೇ ವಾರಗಳಲ್ಲಿ ಹಳೆಯ ಪ್ರಮಾಣವನ್ನು ಮುಟ್ಟಿದ್ದರು. ಹೆಂಡತಿಗೆ ಗೊತ್ತಾದ ದಿನ ಅವಮಾನ ತಾಳಲಾರದೆ ಎಲ್ಲಮ್ಮನ ಮೇಲೆ ಆಣೆಯಿಟ್ಟು, ರಾತ್ರೋರಾತ್ರಿ ಒಂದೇ ಏಟಿಗೆ ಬಿಟ್ಟರು. ಮರುದಿನ ಸಂಜೆ ಕೈಕಾಲು ನಡುಗಿ, ಫಿಟ್ಸ್ ಬಂತು. ಮೂರನೆಯ ರಾತ್ರಿ ಮಂಚದ ಅಂಚಿನಲ್ಲಿ ಬಗ್ಗಿ ಕುಳಿತು, ಕತ್ತಲೆಯತ್ತ ಬೆರಳು ತೋರಿಸುತ್ತ, ಯಾರನ್ನೋ ತಗ್ಗಿದ ದನಿಯಲ್ಲಿ ಹಿಂದಿಯಲ್ಲಿ ಎಚ್ಚರಿಸತೊಡಗಿದರು. ಮನೆಯವರು, ಯುದ್ಧ ತಲೆಗೇರಿದೆ ಎಂದುಕೊಂಡರು.

ಇದನ್ನು ಸ್ವಲ್ಪ ವಿವರಿಸಲೇಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಸಾವು ಸಂಭವಿಸಬಹುದು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರ ಮಿದುಳು ಮದ್ಯದ ಮಂಕಿಗೆ ಎದುರಾಗಿ ತನ್ನನ್ನು ಸದಾ ಚುರುಕಾಗಿ ಇಟ್ಟುಕೊಂಡಿರುತ್ತದೆ. ಮದ್ಯ ಇದ್ದಕ್ಕಿದ್ದಂತೆ ನಿಂತಾಗ ಆ ಚುರುಕಿಗೆ ಕಡಿವಾಣವಿಲ್ಲದಂತಾಗುತ್ತದೆ. ಕೊನೆಯ ಕುಡಿತದ ಕೆಲವು ಗಂಟೆಗಳಲ್ಲೇ ನಡುಕ ಶುರುವಾಗುತ್ತದೆ, ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು, ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಈ ಸನ್ನಿಯಲ್ಲಿ ಮನುಷ್ಯ ತಾನು ಜೀವಮಾನವಿಡೀ ಮಾಡಿದ ಕಸುಬನ್ನೇ ಮಾಡತೊಡಗುವುದುಂಟು: ಚಾಲಕ ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತಾನೆ, ದರ್ಜಿ ಇಲ್ಲದ ಸೂಜಿಗೆ ದಾರ ಪೋಣಿಸುತ್ತಾನೆ. ನಮ್ಮ ಹವಾಲ್ದಾರರು ಕಾವಲು ಕಾಯುತ್ತಿದ್ದರು. ಈ ಸನ್ನಿಗೆ ಬೇಕಾದದ್ದು ಮಿದುಳನ್ನು ಶಾಂತಗೊಳಿಸುವ ಕ್ಲೋರ್‌ಡಯಜೆಪಾಕ್ಸೈಡ್ ಅಥವಾ ಲೊರಾಜೆಪಾಮ್‌ನಂಥ ಔಷಧ, ಗ್ಲೂಕೋಸ್ ಏರಿಸುವ ಮುನ್ನ ಥಯಾಮಿನ್ (ಬಿ1 ಜೀವಸತ್ವ) ಇಂಜೆಕ್ಷನ್, ಮತ್ತು ಹಗಲು ರಾತ್ರಿ ನಿಗಾ. ಇವೆಲ್ಲ ಆಸ್ಪತ್ರೆಯಲ್ಲಿ ಮಾತ್ರ ಸಾಧ್ಯ. ದಿನವೂ ಹೆಚ್ಚು ಕುಡಿಯುವವರು ಆಣೆ ಪ್ರಮಾಣದ ಬಲದಿಂದ ಮನೆಯಲ್ಲಿ ಒಮ್ಮೆಗೇ ಬಿಡುವುದು ಧೈರ್ಯದ ಕೆಲಸವೆಂದು ಯಾರೂ ಹುರಿದುಂಬಿಸಬಾರದು.

ಯುದ್ಧದ ನೆನಪುಗಳಿಂದ ನರಳಿ ಕುಡಿತಕ್ಕೆ ಬಿದ್ದ ಸೈನಿಕರು ಇದ್ದಾರೆ, ಅವರಿಗೆ ಆ ಗಾಯಕ್ಕೂ ಕುಡಿತಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕಾಗುತ್ತದೆ. ಇವರಲ್ಲಿ ಅದನ್ನು ನಮ್ಮ ಮನೋವೈದ್ಯರು ಎರಡು ಬಾರಿ ವಿಚಾರಿಸಿ ನೋಡಿದರು, ಇರಲಿಲ್ಲ. ಸೈನಿಕನ ಕುಡಿತವೆಂದರೆ ಗುಂಡಿನ ಸದ್ದೇ ಕಾರಣ ಎಂದು ಮೊದಲೇ ತೀರ್ಮಾನಿಸುವುದು ಸಿನಿಮಾ ನೋಡಿ ಬಂದ ಅಭ್ಯಾಸ.

ಸನ್ನಿ ಇಳಿದು, ಮಾತು ನೆಟ್ಟಗಾದ ಮೇಲೆ, ಆರನೆಯ ದಿನ ಅವರು ನನ್ನ ಕೋಣೆಗೆ ಬಂದರು. ಗಡ್ಡ ಬೋಳಿಸಿಕೊಂಡಿದ್ದರು. ಆಸ್ಪತ್ರೆಯ ಪೈಜಾಮದೊಳಗೆ ಅಂಗಿಯನ್ನು ಸಿಕ್ಕಿಸಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಮ್ಮಡಿ ಜೋಡಿಸಿ, ಇನ್ನೂ ನಡುಗುತ್ತಿದ್ದ ಮುಷ್ಟಿಗಳನ್ನು ತೊಡೆಯ ಪಕ್ಕಕ್ಕೆ ಬಿಗಿಯಾಗಿ ಒತ್ತಿ, ನನ್ನ ತಲೆಯ ಮೇಲಿನ ಗೋಡೆಯನ್ನು ನೋಡುತ್ತ ಹೇಳಿದರು: "ಸಾಬ್, ಆರ್ಡರ್ ಮುರದೀನಿ. ಏನ್ ಶಿಕ್ಷಾ ಐತಿ, ಕೊಡ್ರಿ."

"ಕುಂದರ್ರಿ ಮೊದ್ಲ," ಎಂದೆ.

"ಇಲ್ರಿ. ಶಿಕ್ಷಾ ಕೊಟ್ಟಿಂದ ಕುಂದರತೀನಿ. ಕುಡದ್ರ ಸತ್ತ ಹೋಗೂವಂಥಾ ಗುಳಿಗಿ ಐತೆಂತಲ್ರಿ, ಅದನ್ನರ ಕೊಡ್ರಿ."

ನನಗೆ ಏನು ಹೇಳಬೇಕೆಂದು ತಕ್ಷಣ ತೋಚಲಿಲ್ಲ. ಸಮಯ ಸಿಗಲೆಂದೇ, ಆ ಕೂಟದಲ್ಲಿ ಎರಡು ಪೆಗ್ ಕುಡಿದ ಮರುದಿನ ನನಗೇಕೆ ಫೋನ್ ಮಾಡಲಿಲ್ಲ ಎಂದು ಕೇಳಿದೆ. ಅವರು ಮೊದಲ ಬಾರಿಗೆ ಗೋಡೆಯಿಂದ ಕಣ್ಣು ತೆಗೆದು, ನಾನು ತಿಳಿಗೇಡಿಯ ಪ್ರಶ್ನೆ ಕೇಳಿದೆನೆಂಬಂತೆ ನನ್ನನ್ನು ನೋಡಿದರು.

"ಸಾಬ್, ಕುಡದದ್ದನ್ನ ಯಾರರ ತಾವಾಗೇ ಹೋಗಿ ಸಾಹೇಬ್ರ ಮುಂದ ಹೇಳ್ತಾರೇನ್ರಿ?"

ಇಡೀ ಪ್ರಕರಣ ನನಗೆ ಅರ್ಥವಾದದ್ದು ಆ ಒಂದು ವಾಕ್ಯದಲ್ಲಿ. ಎತ್ತರದ ಚಳಿಯ ಠಾಣೆಗಳಲ್ಲಿ ರಮ್ ಪಡಿತರದೊಂದಿಗೇ ಬರುತ್ತದೆ. ನಿವೃತ್ತಿಯ ಮೇಲೂ ಕ್ಯಾಂಟೀನಿನಲ್ಲಿ ತಿಂಗಳ ಕೋಟಾ ಅಗ್ಗದ ದರಕ್ಕೆ ಸಿಗುತ್ತದೆ. ಅದೇ ಸಮಯದಲ್ಲಿ, 1950ರ ಸೇನಾ ಕಾಯ್ದೆಯ 48ನೆಯ ಕಲಮಿನ ಪ್ರಕಾರ ಅಮಲೇರಿದ ಸ್ಥಿತಿಯಲ್ಲಿರುವುದು ಶಿಕ್ಷಾರ್ಹ ಅಪರಾಧ. ಗಡಿಯಲ್ಲಿ ಬಂದೂಕು ಹಿಡಿಯುವವರ ನಡುವೆ ಅಂಥ ನಿಯಮ ಇರಲೇಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ 24 ವರ್ಷ ಈ ಎರಡರ ನಡುವೆ ಬದುಕಿದ ಮನುಷ್ಯ ಕಲಿತದ್ದೇನೆಂದರೆ, ಕುಡಿಯುವುದು ತಪ್ಪಲ್ಲ, ಮೇಲಿನವರ ಕಣ್ಣಿಗೆ ಬೀಳುವುದು ತಪ್ಪು. ಕುಡಿದೂ ಕುಡಿಯದಂತೆ ಸೆಟೆದು ನಿಲ್ಲುವುದೇ ಅಲ್ಲಿನ ಜಾಣತನ. ನಾನು ಆರ್ಡರ್ ಕೊಟ್ಟ ಕ್ಷಣದಲ್ಲೇ ಅವರ ಪಾಲಿಗೆ ಮೇಲಧಿಕಾರಿಯಾಗಿಬಿಟ್ಟಿದ್ದೆ, ಹಾಗಾಗಿ ಅವರು ಎಡವಿದ ದಿನ ಎಲ್ಲರಿಗಿಂತ ಮೊದಲು ಮುಚ್ಚಿಡಬೇಕಾದವನೂ ನಾನೇ ಆದೆ. ಮೊದಲ ಪೆಗ್ಗಿನ ಮರುದಿನ ಅವರು ಬಂದಿದ್ದರೆ ಒಂದು ಗಂಟೆಯ ಮಾತಿನಲ್ಲಿ ಮುಗಿಯುತ್ತಿದ್ದ ಸಂಗತಿ ಇದು. ಏಳು ವಾರ ನನ್ನ ಆರ್ಡರೇ ಅವರನ್ನು ನನ್ನಿಂದ ದೂರವಿಟ್ಟಿತು.

ನಾನು ಎದ್ದು ಮೇಜಿನ ಈಚೆಗೆ ಬಂದು, ಗೋಡೆಯ ಬದಿಯ ಬೆಂಚಿನ ಮೇಲೆ ಕುಳಿತೆ. "ಅವತ್ತು ಆರ್ಡರ್ ಕೊಟ್ಟಿದ್ದು ನನ್ನ ತಪ್ಪು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ" ಎಂದೆ. ಅವರು ಬಹಳ ಹೊತ್ತು ಹಾಗೆಯೇ ನಿಂತಿದ್ದರು. ಆಮೇಲೆ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತು, "ಹಂಗಾರ ನಾ ಯಾರಿಗೆ ಜವಾಬ್ ಕೊಡ್ಬೇಕ್ರಿ?" ಎಂದು ಕೇಳಿದರು. ಪ್ರಶ್ನೆಯಲ್ಲಿ ಬಿಡುಗಡೆಯ ಭಾವವಿರಲಿಲ್ಲ, ಭಯವಿತ್ತು.

ಅದಕ್ಕೆ ಉತ್ತರವಾಗಿ ಕೊಟ್ಟ ಸಲಹೆ ಅವರಿಗೆ ಗೊತ್ತಿದ್ದ ವಿದ್ಯೆಯಿಂದಲೇ ಬಂದದ್ದು. ಕಾವಲಿಗೆ ಹೋದ ತುಕಡಿ ಗುಡ್ಡದ ಮೇಲಿಂದ ವೈರ್‌ಲೆಸ್‌ನಲ್ಲಿ ವರದಿ ಕೊಡುವಾಗ ಶತ್ರು ಕಂಡರೆ ಕಂಡ ಎನ್ನಬೇಕು, ಮುಚ್ಚಿಟ್ಟರೆ ಕೆಳಗಿರುವವರು ಸಾಯುತ್ತಾರೆ. ಶತ್ರು ಕಂಡದ್ದಕ್ಕೆ ಕಾವಲುಗಾರನನ್ನು ಯಾರೂ ದಂಡಿಸುವುದಿಲ್ಲ. ಇದನ್ನು ಅವರೇ ನನಗೆ ಹಿಂದೊಮ್ಮೆ ವಿವರಿಸಿದ್ದರು. ಹಾಗಾದರೆ ಸಂಜೆ ಏಳಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ವರದಿ ಬರೆಯಿರಿ ಎಂದೆ. ಇಂದು ಆಸೆ ಎಷ್ಟು ಹೊತ್ತಿಗೆ ಬಂತು, ಎಲ್ಲಿದ್ದಾಗ ಬಂತು, ಏನು ಮಾಡಿದೆ, ಕುಡಿದಿದ್ದರೆ ಎಷ್ಟು. ಕುಡಿದರೆ ಮರುದಿನ ಸಂಜೆಯೊಳಗೆ ನನಗೆ ಫೋನ್ ಮಾಡಬೇಕು, ನಾನು ಬೈಯುವುದಿಲ್ಲ, ಯಾಕೆ ಎಂದು ಕೇಳದೆ ಎಷ್ಟು ಹೊತ್ತಿಗೆ ಎಂದಷ್ಟೇ ಕೇಳುತ್ತೇನೆ. ಏಳು ಗಂಟೆಯನ್ನು ಆರಿಸಿದ್ದಕ್ಕೆ ಕಾರಣ ಅವರ ಪತ್ನಿ. "ಸಂಜಿ ಆತಂದ್ರ ಡ್ಯೂಟಿಗೆ ಹೊಂಟೋರಂಗ ಕೈಕಾಲ ತೊಳಕೊಂಡು ಬಾಟ್ಲಿ ಮುಂದ ಕುಂದರತಾರ್ರಿ" ಎಂದು ಅವರು ಹೇಳಿದ್ದರು. ಆ ಹೊತ್ತು ಖಾಲಿ ಬಿದ್ದಿತ್ತು, ಖಾಲಿ ಬಿಟ್ಟರೆ ಹಳೆಯ ಬಾಡಿಗೆದಾರ ಬಂದೇ ಬರುತ್ತಾನೆ.

ಕೇಳಿದ ಗುಳಿಗೆಯನ್ನು, ಅಂದರೆ ಡೈಸಲ್ಫಿರಾಮ್ ಅನ್ನು, ಮನೋವೈದ್ಯರು ಕೊಡಲಿಲ್ಲ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿತ ಹೆಚ್ಚಿ, ರಕ್ತದೊತ್ತಡ ಕುಸಿಯಬಹುದು. ತಿಳಿದು, ಒಪ್ಪಿ, ಮನೆಯವರ ಕಣ್ಣೆದುರು ನುಂಗುವವರಿಗೆ ಅದು ಒಳ್ಳೆಯ ಆಸರೆಯಾದದ್ದನ್ನು ನಾನು ಕಂಡಿದ್ದೇನೆ. ಆದರೆ ಇವರು ಅದನ್ನು ದಂಡವೆಂದು ಬೇಡುತ್ತಿದ್ದರು, ತಮ್ಮ ಮೇಲೆ ತಾವೇ ಪ್ರಯೋಗಿಸಿಕೊಳ್ಳುವ ಅಪಾಯವಿತ್ತು. ಯಕೃತ್ತಿನ ಪರೀಕ್ಷೆಯ ಫಲಿತಾಂಶ ನೋಡಿ, ಆಸೆಯ ತೀವ್ರತೆಯನ್ನು ತಗ್ಗಿಸುವ ಬೇರೆ ಮಾತ್ರೆ ಕೊಟ್ಟರು. ಇಲ್ಲಿ ಓದುಗರಿಗೆ, ವಿಶೇಷವಾಗಿ ಹೆಂಡತಿಯರಿಗೆ ಮತ್ತು ತಾಯಂದಿರಿಗೆ, ಕೈಮುಗಿದು ಹೇಳುತ್ತೇನೆ: ಕುಡಿತ ಬಿಡಿಸುವ ಯಾವ ಮಾತ್ರೆಯನ್ನೂ, ಪುಡಿಯನ್ನೂ ಅವರಿಗೆ ತಿಳಿಯದಂತೆ ಸಾರಿನಲ್ಲೋ ಚಹಾದಲ್ಲೋ ಬೆರೆಸಬೇಡಿ. ಅದರಿಂದ ಜೀವ ಹೋಗಬಹುದು, ಉಳಿದರೂ ನಿಮ್ಮ ಕೈಯಡುಗೆಯ ಮೇಲಿನ ನಂಬಿಕೆ ಹೋಗುತ್ತದೆ.

ಕ್ಯಾಂಟೀನ್ ಕಾರ್ಡಿನ ವಿಷಯ ಸುಲಭವಾಗಿರಲಿಲ್ಲ. ಅದನ್ನು ಹೆಂಡತಿ ಕಸಿದಿಟ್ಟುಕೊಳ್ಳಲಿ ಎಂದು ಮಗ ಹೇಳಿದ. ನಾನು ಬೇಡವೆಂದೆ. ಹಳ್ಳಿಯಲ್ಲಿ ಆ ಕಾರ್ಡು ಕುಡಿಯುವುದಕ್ಕಿಂತ ಹೆಚ್ಚಿನದು: ಮದುವೆ ಮುಂಜಿಗೆ, ಪಂಚಾಯಿತಿ ಕೆಲಸಕ್ಕೆ ಜನ "ಒಂದ ಬಾಟ್ಲಿ ಕೊಡ್ರಿ ಹವಾಲ್ದಾರ್ರ" ಎಂದು ಮನೆ ಬಾಗಿಲಿಗೆ ಬರುತ್ತಾರೆ, ನಿಯಮಕ್ಕೆ ವಿರುದ್ಧವಾಗಿ ಕೈಬದಲಾಗುವ ಆ ಬಾಟಲಿಯ ಜೊತೆಗೆ ಇವರ ಮಾನವೂ ಕೈಬದಲಾಗುತ್ತಿರುತ್ತದೆ. ಕಾರ್ಡು ಕಸಿದರೆ ಸಮವಸ್ತ್ರ ಕಳಚಿದಂತೆ. ಬದಲಿಗೆ, ತಿಂಗಳಿಗೊಮ್ಮೆ ಪತ್ನಿಯೊಂದಿಗೆ ಹೋಗಿ ಮನೆಯ ಸಾಮಾನು ತರಬೇಕು, ಮದ್ಯದ ಕೋಟಾ ತೆಗೆಯಬೇಕೋ ಬೇಡವೋ ಎಂಬುದನ್ನು ಕೌಂಟರಿನ ಎದುರು ಅವರೇ ನಿರ್ಧರಿಸಬೇಕು, ಮತ್ತು ಆ ನಿರ್ಧಾರವನ್ನೂ ಅಂದಿನ ವರದಿಯಲ್ಲಿ ಬರೆಯಬೇಕು ಎಂದು ಒಪ್ಪಿಸಿದೆವು. ಪತ್ನಿಗೆ ಹೇಳಿದ್ದು ಒಂದೇ: ಬಾಯಿ ಮೂಸಿ ನೋಡಬೇಡಿ, ನೋಟ್‌ಬುಕ್ ತೆರೆದು ಓದಬೇಡಿ, ನೀವು ಅವರ ಮೇಲಧಿಕಾರಿ ಆಗಬೇಡಿ. ಆಕೆ ಇದಕ್ಕೆ ಒಪ್ಪಲು ಮೂರು ಭೇಟಿಗಳು ಬೇಕಾದವು.

ಮಗನಿಗೆ ಇಂದಿಗೂ ನನ್ನ ಮೇಲೆ ಸಿಟ್ಟಿದೆ. "ಅಪ್ಪ ಜೀವಮಾನದಲ್ಲಿ ಕೇಳಿದ್ದು ಆರ್ಡರ್ ಒಂದನ್ನೇ. ಅದನ್ನೂ ತೆಗೆದರೆ ಇನ್ನೇನು ಉಳಿಯುತ್ತೆ? ನೀವು ಕುಡಿಯೋಕೆ ಪರವಾನಗಿ ಕೊಟ್ಟಿದ್ದೀರಿ" ಎಂದ. ನನ್ನ ಸಹೋದ್ಯೋಗಿಯೊಬ್ಬರೂ, ಐದು ತಿಂಗಳ ಸಂಯಮ ಸಾಧ್ಯವಾದದ್ದು ಆ ಆರ್ಡರಿನಿಂದಲೇ ಅಲ್ಲವೇ ಎಂದು ಕೇಳಿದರು. ಕೇಳುವಂಥ ಪ್ರಶ್ನೆಯೇ. ಆ ಐದು ತಿಂಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ವ್ಯಸನವೆಂಬುದು ಮತ್ತೆ ಮತ್ತೆ ಮರಳುವ ಸ್ವಭಾವದ ಕಾಯಿಲೆ, ಎಡವುವುದು ಅದರ ದಾರಿಯಲ್ಲೇ ಇದೆ. ಚಿಕಿತ್ಸೆಯ ಪದ್ಧತಿ ಯಾವುದೇ ಇರಲಿ, ಎಡವಿದ ದಿನ ಮನುಷ್ಯ ಎತ್ತ ನಡೆಯುತ್ತಾನೆ ಎಂಬುದೇ ನನಗೆ ಮುಖ್ಯ. ಆರ್ಡರಿನ ಮೇಲೆ ನಿಂತ ಸಂಯಮ ಮುರಿದಾಗ ಅವನಿಗೆ ಅಡಗಲು ಮಾತ್ರ ತಿಳಿದಿರುತ್ತದೆ.

ಇದನ್ನು ಬರೆಯುವ ಹೊತ್ತಿಗೆ ಎರಡನೆಯ ಬಿಡುಗಡೆಯಾಗಿ ಒಂಬತ್ತು ತಿಂಗಳಾಗಿವೆ. ಆರನೆಯ ತಿಂಗಳಲ್ಲಿ, ಒಂದು ಬೆಳಿಗ್ಗೆ ಎಂಟಕ್ಕೆ ಮುನ್ನವೇ ಫೋನ್ ಬಂತು.

"ಸಾಬ್, ರಿಪೋರ್ಟ್ ಐತ್ರಿ. ನಿನ್ನಿ ಎರಡ ಪೆಗ್."

"ಎಷ್ಟ್ ಹೊತ್ತಿಗಿ?"

"ಏಳೂ ಇಪ್ಪತ್ತಕ್ಕ. ಮನ್ಯಾಗ ಇವ್ಳು ತವರಿಗಿ ಹೋಗಿದ್ಲು. ನೋಟ್‌ಬುಕ್ ತಗದಿದ್ದೆ, ಬರದಿದ್ದಿಲ್ಲ. ಬಾಟ್ಲಿ ಇನ್ನೂ ಅರ್ಧಾ ಐತ್ರಿ, ಎದುರಿಗೇ ಇಟ್ಕೊಂಡ ಕುಂತೀನಿ."

ಫೋನ್ ಇಡದೆ ಅದನ್ನು ಬಚ್ಚಲಿಗೆ ಸುರಿಯಲು ಸಾಧ್ಯವೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ನಂತರ ಬಕೆಟ್ ಸರಿದ ಸದ್ದು, ನೀರು ಬಿಟ್ಟ ಸದ್ದು. ಮತ್ತೆ ಅವರ ದನಿ: "ಹನ್ನೊಂದರ ಬಸ್ಸಿಗಿ ಬರ್ಲೇನ್ರಿ?"

"ಬರ್ರಿ," ಎಂದೆ.