ಬಲಭುಜ ಎಡಭುಜಕ್ಕಿಂತ ದಪ್ಪ ಆಗ್ತಿದೆ. ಎಡಗೈಗೆ ಎರಡು ಸೆಟ್ ಜಾಸ್ತಿ ಮಾಡಿದರೆ ಸರಿಹೋಗುತ್ತಾ?

ನಾನೂ ಎಂಟು ತಿಂಗಳು ಇದನ್ನೇ ಮಾಡಿದ್ದೆ. ದಿನಾ ಕನ್ನಡಿ ಮುಂದೆ ನಿಂತು ಎಡ-ಬಲ ಹೋಲಿಸೋದು. ಭುಜದ ಹಿಂಭಾಗ ಕನ್ನಡಿಯಲ್ಲಿ ಕಾಣಲ್ಲವಲ್ಲ, ಅದರ ನೆನಪೇ ಬರಲಿಲ್ಲ.

ವಾರಕ್ಕೆ ಮೂರು ದಿನ ಬೆಂಚ್ ಪ್ರೆಸ್, ಅಂದರೆ ಬೆಂಚ್ ಮೇಲೆ ಮಲಗಿ ಭಾರವನ್ನು ಎದೆಯಿಂದ ಮೇಲಕ್ಕೆ ತಳ್ಳೋದು. ಯಾರಾದರೂ "ಬೆನ್ನಿಗೂ ಮಾಡು ಮಾರಾಯ" ಅಂದರೆ, "ಪುಲ್-ಅಪ್ ಮಾಡ್ತೀನಲ್ಲ" ಅಂತಿದ್ದೆ. ತಳ್ಳಿದ್ದಕ್ಕೆ ಎಳೆದದ್ದು, ಲೆಕ್ಕ ಚುಕ್ತಾ ಅಂದುಕೊಂಡಿದ್ದೆ. ಕೆಟ್ಟಿದ್ದು ಇಲ್ಲೇ, ಬಿಡಿಸಿ ಹೇಳ್ತೀನಿ. ಪುಲ್-ಅಪ್‌ನಲ್ಲಿ ಹೆಚ್ಚು ದುಡಿಯುವ ಲ್ಯಾಟ್ಸ್ ಬೆನ್ನಿನ ಸ್ನಾಯು, ನಿಜ. ಆದರೆ ಅದು ಕಂಕುಳಡಿ ಹಾದು ತೋಳಿನ ಮೂಳೆಯ ಮುಂಭಾಗಕ್ಕೆ ಅಂಟಿಕೊಳ್ಳುತ್ತೆ. ಹಾಗಾಗಿ ತೋಳನ್ನು ಒಳಕ್ಕೆ ತಿರುಗಿಸುತ್ತೆ. ಎದೆಯ ದೊಡ್ಡ ಸ್ನಾಯು ಮಾಡೋದೂ ಅದನ್ನೇ! ತಕ್ಕಡಿ ಸರಿದೂಗಲಿ ಅಂತ ನಾನು ಹಾಕಿದ ತೂಕವೆಲ್ಲ ಅದೇ ತಟ್ಟೆಗೆ ಬೀಳ್ತಿತ್ತು. ಹೊರಕ್ಕೆ ತಿರುಗಿಸೋ ಇನ್‌ಫ್ರಾಸ್ಪೈನೇಟಸ್, ಟೆರೀಸ್ ಮೈನರ್ (ಭುಜದ ಕೀಲನ್ನು ಬಿಗಿಹಿಡಿಯೋ ರೊಟೇಟರ್ ಕಫ್‌ನ ನಾಲ್ಕು ಸ್ನಾಯುಗಳಲ್ಲಿ ಎರಡು) ಪುಟ್ಟ ಸ್ನಾಯುಗಳು. ಅವುಗಳಿಗೆಂದೇ ನಾನು ಒಂದು ಸೆಟ್ಟೂ ಮಾಡಿರಲಿಲ್ಲ.

ಒಂದು ಬೆಳಿಗ್ಗೆ ಅಂಗಿ ತೋಳಿಗೆ ಕೈ ತೂರಿಸುವಾಗ ಭುಜದ ಮುಂದೆ ಚುಳ್ ಅಂತು. ಅದೂ ಬಲಭುಜ, ನಾನು ಗಟ್ಟಿ ಅಂದುಕೊಂಡಿದ್ದು. ಕೊನೆಗೆ ಫಿಸಿಯೋಥೆರಪಿಸ್ಟ್ ಮಗ್ಗುಲಾಗಿ ಮಲಗಿಸಿ, ಮೊಣಕೈ ಪಕ್ಕೆಗೆ ಒತ್ತಿಸಿ, 2 ಕೆಜಿ ಡಂಬೆಲ್ ಮೇಲಕ್ಕೆ ತಿರುಗಿಸಲು ಹೇಳಿದರು. 80 ಕೆಜಿ ಬೆಂಚ್ ಹೊಡೀತಿದ್ದ ಶೂರ ಎಂಟನೇ ಸಲಕ್ಕೇ ನಡುಗಿಬಿಟ್ಟೆ.

ಹಾಗಾಗಿ ಎಡ-ಬಲದ ಚಿಂತೆ ಬಿಡಿ. ಎರಡೂ ಕಡೆ ತದ್ರೂಪ ಇರುವ ಮೈ ಯಾರಿಗೂ ಇಲ್ಲ. ಸಮಾಧಾನ ಆಗದಿದ್ದರೆ ಬಾರ್ಬೆಲ್ ಬದಲು ಡಂಬೆಲ್ ಹಿಡೀರಿ, ಎಡಗೈಯಿಂದ ಶುರು ಮಾಡಿ, ಅದು ಎಷ್ಟು ಸಲ ಎತ್ತಿತೋ ಬಲಗೈಗೂ ಅಷ್ಟೇ. ನೋಡಬೇಕಾದ್ದು ಹಿಂದು-ಮುಂದು. ನಾನೀಗ ಒಂದು ಸೆಟ್ ಪ್ರೆಸ್ ಮಾಡಿದರೆ ಒಂದು ಸೆಟ್ ರೋ (ಭಾರವನ್ನು ಮೈಯತ್ತ ಎಳೆಯೋದು) ಮಾಡಲೇಬೇಕು ಅಂತ ಇಟ್ಟುಕೊಂಡಿದ್ದೀನಿ. ಜೊತೆಗೆ ಹಗುರ ಭಾರದಲ್ಲಿ ಫೇಸ್ ಪುಲ್ (ಕೇಬಲ್ಲಿನ ಹಗ್ಗವನ್ನು ಮುಖದತ್ತ ಎಳೆಯೋದು), ಆ ಮಲಗಿ ಮಾಡೋದು 15 ಸಲ. (ಫೇಸ್ ಪುಲ್‌ಗೆ ಸಿಕ್ಕಾಪಟ್ಟೆ ಭಾರ ಹೇರಿ ಸೊಂಟದಿಂದ ಜಗ್ಗುವವರನ್ನು ಕಂಡರೆ ಮೈ ಉರಿಯುತ್ತೆ.) ಪುಷ್-ಅಪ್ ಬಿಡಬೇಡಿ, ಬೆಂಚ್ ಮೇಲೆ ಒತ್ತಿಕೊಂಡಿರೋ ಹೆಗಲ ಹಲಗೆ ಅದರಲ್ಲಿ ಸಲೀಸಾಗಿ ಜಾರುತ್ತೆ.

ಈಗಾಗಲೇ ರಾತ್ರಿ ಆ ಮಗ್ಗುಲಿಗೆ ಮಲಗಲಾಗದಷ್ಟು ನೋವಿದ್ದರೆ, ಕೈ ಎತ್ತೋಕೆ ಬಲ ಸಾಲದಿದ್ದರೆ ಇದ್ಯಾವುದೂ ಬೇಡ, ಮೊದಲು ಡಾಕ್ಟರಿಗೆ ತೋರಿಸಿ. ನಾನು ಚುಳ್ ಅಂದ ಮೇಲೂ ಆರು ವಾರ ಬೆಂಚ್ ಹೊಡೆದವನು.