ಐದರ ಜೋಡಿ ಬಿದ್ದಾಗ ಯಾವ ಕಾಯಿ?

ಪ್ರಶ್ನೆ: ನಾನು ದುಬೈನಲ್ಲಿದ್ದೇನೆ. ಊಟದ ಬಿಡುವಿನಲ್ಲಿ ಲೆಬನಾನಿನ ಗೆಳೆಯನ ಜೊತೆ ಬ್ಯಾಕ್‌ಗ್ಯಾಮನ್ ಆಡುತ್ತೇನೆ. 24 ಮನೆಗಳ ಹಾಸಿನಲ್ಲಿ ಎರಡು ದಾಳ ಹಾಕಿ ಆಡುವ ಆಟ ಅದು; ಇಬ್ಬರೂ ತಮ್ಮ ತಮ್ಮ ಕಡೆಯಿಂದ ಮನೆ ಎಣಿಸಿ, ಕಾಯಿಗಳನ್ನು 24ರಿಂದ 1ರ ಕಡೆಗೆ ಇಳಿಸುತ್ತೇವೆ. ಮೊನ್ನೆ ಆಟ ಶುರು ಮಾಡಿದವನು ಅವನು. 6-2 ಬಿತ್ತು. ನನ್ನ 1ನೇ ಮನೆಯಲ್ಲಿದ್ದ ಅವನ ಎರಡು ಕಾಯಿಗಳಲ್ಲಿ ಒಂದನ್ನು ನನ್ನ 7ನೇ ಮನೆಗೆ ತಂದ. 2ಕ್ಕೆ ತನ್ನ 13ರ ಕಾಯಿಯನ್ನು 11ಕ್ಕೆ ಇಳಿಸಿದ. ನನಗೆ ಬಿದ್ದದ್ದು ಐದರ ಜೋಡಿ, ಅಂದರೆ ಐದೈದು ಮನೆಯ ನಾಲ್ಕು ನಡೆ. ಪುಸ್ತಕದಲ್ಲಿ ಓದಿದಂತೆ 13ರಿಂದ ಎರಡು ಕಾಯಿಗಳನ್ನು 3ಕ್ಕೆ ತಂದೆ. ಅವನು ನಕ್ಕುಬಿಟ್ಟ. ಯಾಕೆ ಸರ್?
— ಓದುಗರೊಬ್ಬರು, ದುಬೈ

ಉತ್ತರ: ನಿಮ್ಮ ಪುಸ್ತಕ ಸುಳ್ಳು ಹೇಳಿಲ್ಲ. ಎದುರಾಳಿಯ ಹಿಂದಿನ ಕಾಯಿಗಳೆರಡೂ ಒಟ್ಟಿಗೆ ಕೂತಿದ್ದರೆ ಆ ನಡೆಯೇ ಸರಿ. ಆದರೆ ನಿಮ್ಮ ಗೆಳೆಯ ಅವನ್ನು ಬಿಡಿಸಿಟ್ಟಿದ್ದ, ಅಲ್ವಾ? 1ನೇ ಮನೆಯಲ್ಲಿ ಅವನ ಕಾಯಿ ಒಂಟಿಯಾಗಿತ್ತು. ಒಂಟಿ ಕಾಯಿಯ ಮನೆಗೆ ನಿಮ್ಮ ಕಾಯಿ ಬಂದರೆ ಅದಕ್ಕೆ ಪೆಟ್ಟು; ಅದು ಹಾಸಿನಿಂದ ಹೊರಬಿದ್ದು ನಿಮ್ಮ 1ರಿಂದ 6ರೊಳಗಿನ ಮನೆಗೆ ಮತ್ತೆ ಬರಬೇಕು. ಹೊಡೆಯಬೇಕಿತ್ತು ಮಾರಾಯ್ರೇ! 8ರಿಂದ ಎರಡು ಕಾಯಿ 3ಕ್ಕೆ, 6ರಿಂದ ಎರಡು ಕಾಯಿ 1ಕ್ಕೆ.

1ನೇ ಮನೆಗೆ ಹೋದ ಕಾಯಿ ಮುಂದೆ ಯಾವ ಕೆಲಸಕ್ಕೂ ಬರುವುದಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಹೊಡೆತದಿಂದ ಅವನಿಗೆ ನಷ್ಟವಾಗುವ ದೂರವೂ ಒಂದೇ ಮನೆ. ಆದರೂ ಹೊಡೆಯಿರಿ. ಪೆಟ್ಟು ತಿಂದ ಕಾಯಿ ಒಳಗೆ ಬರುವ ತನಕ ಅವನು ಬೇರೆ ಕಾಯಿ ಮುಟ್ಟುವಂತಿಲ್ಲ. ನಿಮ್ಮ ಎರಡೋ ಹೆಚ್ಚೋ ಕಾಯಿಗಳು ಕೂತಿರುವ 1, 3, 6 ಮೂರೂ ಮನೆ ಅವನಿಗೆ ಮುಚ್ಚಿವೆ. 36 ಗರಗಳಲ್ಲಿ 9ಕ್ಕೆ ಅವನಿಗೆ ಬಾಗಿಲೇ ತೆರೆಯುವುದಿಲ್ಲ. ತೆರೆದರೂ 7ರಲ್ಲಿ ಇನ್ನೊಂದು ಕಾಯಿ ಒಂಟಿಯಾಗಿ ನಿಮ್ಮ ಕೈಗೆ ಸಿಗುವಂತೆ ನಿಂತಿರುತ್ತದೆ.

ನಿಮಗೂ ಅಪಾಯ ಇದೆ. 8ರಲ್ಲಿ ಒಂದು ಕಾಯಿ ಒಂಟಿ ಉಳಿಯುತ್ತದೆ. ಅದಕ್ಕೆ ಪೆಟ್ಟು ಕೊಡಲು ಅವನಿಗೆ 2-1, 4-1, 5-1, 6-2, 5-3 ಅಥವಾ ನಾಲ್ಕರ ಜೋಡಿ ಬೀಳಬೇಕು. ಒಟ್ಟು 36ರಲ್ಲಿ 11. ನಾನಾದರೆ ಯೋಚನೆಯೇ ಮಾಡದೆ ಆಡುತ್ತೇನೆ. ನೀವು ಆಡಿದ ನಡೆಯಲ್ಲಿ ಒಂಟಿ ಕಾಯಿ ಒಂದೂ ಇಲ್ಲ, ಒಪ್ಪಿದೆ. ಆದರೆ ಒಂದು ಇಡೀ ಸರದಿಯನ್ನು ಅವನಿಗೆ ಸುಮ್ನೆ ಕೊಟ್ಟಿರಿ. ಆ ಎರಡು ಕಾಯಿಗಳನ್ನು ಒಂದೇ ಮನೆಯಲ್ಲಿ ಸೇರಿಸಿಕೊಂಡನೆಂದರೆ ಆಮೇಲೆ ಎಬ್ಬಿಸುವುದು ಕಷ್ಟ.

ಜೋಡಿ ಬಿದ್ದಾಗ ನಾಲ್ಕು ನಡೆ ಎಂದು ಎಣಿಸುತ್ತಾ ಕೂರಬೇಡಿ. ಎರಡೆರಡು ಕಾಯಿ ಒಟ್ಟಿಗೆ ಹೆಜ್ಜೆ ಹಾಕುವ ಎರಡು ನಡೆ ಎಂದು ನೋಡಿ. ಇದೇ ಹಾಸಿನಲ್ಲಿ ಒಂದರ ಜೋಡಿ ಬಿದ್ದಿದ್ದರೆ? 8ರಿಂದ ಎರಡು 7ಕ್ಕೆ, 6ರಿಂದ ಎರಡು 5ಕ್ಕೆ. 7ರಲ್ಲಿದ್ದ ಅವನ ಕಾಯಿ ಹೊರಗೆ, ನಿಮ್ಮ 5, 6, 7 ಸಾಲಾಗಿ ಭದ್ರ. ಆರರ ಜೋಡಿಯೂ ಸುಲಭ: ಹಿಂದಿನ ಎರಡು 24ರಿಂದ 18ಕ್ಕೆ, 13ರ ಎರಡು 7ಕ್ಕೆ, ಅಲ್ಲೂ ಪೆಟ್ಟು. ತಲೆ ತಿನ್ನುವುದು ಮೂರರ ಜೋಡಿ. 24, 13, 8, 6 ಯಾವ ಮನೆಯಿಂದ ಎಬ್ಬಿಸಿದರೂ ಚೆನ್ನಾಗಿಯೇ ಕಾಣುತ್ತದೆ. ಅದು ಬಿದ್ದರೆ ನಾನು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಎದುರಿನವರು ಗೊಣಗಿದರೂ ಸರಿ.

ಪ್ರಶ್ನೆ: ಜೋಡಿ ಬಿದ್ದು ಮೂರೇ ನಡೆ ಸಾಧ್ಯವಾದರೆ ಇಡೀ ಗರ ಹೋಗುತ್ತದೆಯೇ? ಆಟದ ಮೊದಲ ಗರಕ್ಕೇ ಅಣ್ಣನಿಗೆ ಆರರ ಜೋಡಿ ಬಿತ್ತು, ನಾನು ಸೋತೆ.
— ಓದುಗರೊಬ್ಬರು, ಧಾರವಾಡ

ಉತ್ತರ: ಹೋಗುವುದಿಲ್ಲ. ಮೂರು ಸಾಧ್ಯವಾದರೆ ಮೂರನ್ನೂ ಆಡಲೇಬೇಕು. ಎರಡಾಡಿ ಸಾಕು ಎನ್ನುವಂತಿಲ್ಲ. ಇನ್ನು ನಿಮ್ಮ ಅಣ್ಣನ ವಿಷಯ. ಶುರುವಿನಲ್ಲಿ ಇಬ್ಬರೂ ಒಂದೊಂದೇ ದಾಳ ಹಾಕಬೇಕು. ದೊಡ್ಡ ಸಂಖ್ಯೆ ಬಿದ್ದವರು ಆ ಎರಡೂ ದಾಳದ ಗರವನ್ನೇ ಆಡುತ್ತಾರೆ. ಎರಡೂ ಒಂದೇ ಬಿದ್ದರೆ ಮತ್ತೆ ಹಾಕಬೇಕು. ಹಾಗಾಗಿ ಮೊದಲ ಗರ ಜೋಡಿ ಆಗುವಂತೆಯೇ ಇಲ್ಲ. ಆ ಆಟವನ್ನು ಇನ್ನೊಮ್ಮೆ ಆಡಿಸಿ.